ಸೈಕಲ್ ಮೇಲೆ ಕೂರುವುದೂ ಒಂದು ವಿದ್ಯೆ



ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳಿಗೆ ಹೆಸರುವಾಸಿ. ಸೈಕಲ್ ಪಂದ್ಯಗಳಲ್ಲಿ ‘ಟೈಂ ಟ್ರಯಲ್’ ಅಂತ ಒಂದುಂಟು. ಇದರಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಮುಂದಿನವನ ಬೆನ್ನಿಗೆ ಬಿದ್ದು ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಕುಸ್ತಿ ಏನಿದ್ದರೂ ಗಡಿಯಾರದ ಜೊತೆ, ಗಾಳಿಯ ಜೊತೆ.

ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ಗಾಳಿಗೆ ಸೈಕಲ್ಲಿಗಿಂತ ಸವಾರನ ಮೈಯೇ ಹೆಚ್ಚು ಅಡ್ಡ. ಅದಕ್ಕೇ ಕೂರುವ ರೀತಿಗೆ ಇಷ್ಟು ಬೆಲೆ.

1989ರ ಟೂರ್ ಡಿ ಫ್ರಾನ್ಸ್ ಪಂದ್ಯವನ್ನೇ ನೋಡಿ. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಂ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದ. ಮುಂದೆ ಚಾಚಿದ ಹ್ಯಾಂಡಲ್ ಮೇಲೆ ಮೊಣಕೈ ಊರಿ, ಬೆನ್ನು ಬಾಗಿಸಿ ತುಳಿದ. ಫ್ರಾನ್ಸಿನ ಫಿನ್ಯೋಂ ಹಳೇ ಥರದ ಹ್ಯಾಂಡಲ್ ಹಿಡಿದಿದ್ದ, ಸಾಲದ್ದಕ್ಕೆ ಸೀಟಿನ ಹುಣ್ಣಿನಿಂದ ನರಳುತ್ತಿದ್ದ. ಮೂರು ವಾರ, ಮೂರು ಸಾವಿರ ಕಿ.ಮೀ.ಗೂ ಮಿಕ್ಕಿದ ಓಟ ಬರೀ 8 ಸೆಕೆಂಡಿನಲ್ಲಿ ತೀರ್ಮಾನವಾಯ್ತು. ಗೆದ್ದವನು ಲೆಮಾಂಡ್.

ಹಾಗಾದರೆ ಹೇಗೆ ಕೂರಬೇಕು?

1. ಸೀಟಿನ ಎತ್ತರ: ಬರಿಗಾಲಲ್ಲಿ ನಿಂತು ತೊಡೆಸಂದಿಯಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಪೆಡಲ್ ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು ಅಷ್ಟಿರಬೇಕು. 80 ಸೆಂ.ಮೀ. ಇದ್ದರೆ 70.6 ಬರುತ್ತದೆ. ಈ ಲೆಕ್ಕವನ್ನು ಜನಪ್ರಿಯಗೊಳಿಸಿದವನೂ ಲೆಮಾಂಡನೇ.

2. ಸೀಟು ಮುಂದಕ್ಕೆ: ಬರೀ ಬೆನ್ನು ಬಾಗಿಸಿದರೆ ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಕಟ್ಟುತ್ತದೆ. ಸೀಟನ್ನು ತುಸು ಮುಂದಕ್ಕೆ ತಂದರೆ ಸೊಂಟಕ್ಕೆ ಜಾಗ ಸಿಗುತ್ತದೆ.

3. ಮೊಣಕೈ: ಭುಜದ ನೇರಕ್ಕೆ ಅಥವಾ ಸ್ವಲ್ಪ ಮುಂದೆ ಮೆತ್ತೆಯ ಮೇಲೆ ಊರಬೇಕು. ಆಗ ಮೈಭಾರ ಎಲುಬಿನ ಮೇಲೆ ಬೀಳುತ್ತದೆ, ತೋಳು ದಣಿಯೋದಿಲ್ಲ.

4. ಹಿತ: ಅತಿಯಾಗಿ ಬಾಗಿ, ಕುತ್ತಿಗೆ ನೋವೆಂದು ಗಳಿಗೆಗೊಮ್ಮೆ ಎದ್ದರೆ ಬಾಗಿದ್ದರ ಲಾಭ ಹೋಯ್ತು. ಕೊನೆಯವರೆಗೆ ತಾಳಬಲ್ಲಷ್ಟೇ ಬಾಗಬೇಕು. ಬದಲಾವಣೆಯನ್ನೂ ಒಂದೇ ಸಲಕ್ಕಲ್ಲ, ಚೂರು ಚೂರೇ ಮಾಡಬೇಕು.

ನಮಗೆಲ್ಲಿ ಬಂತು ಆ ಸೈಕಲ್ ಅಂತೀರಾ? ಮೊದಲನೇ ಪಾಠ ನಮಗೂ ಬೇಕು. ಸೀಟು ತಗ್ಗಿದ್ದರೆ ಮೊಣಕಾಲು ಅತಿಯಾಗಿ ಮಡಚಿ ನೋಯುತ್ತದೆ. ಅತಿ ಎತ್ತರವಿದ್ದರೆ ಸೊಂಟ ಅತ್ತಿಂದಿತ್ತ ಹೊರಳುತ್ತದೆ. ಟೇಪು ಬೇಡ, ಹಿಮ್ಮಡಿ ಸಾಕು. ಗೆಳೆಯನಿಗೆ ಸೈಕಲ್ ಹಿಡಿಯಲು ಹೇಳಿ, ಹತ್ತಿ ಕೂತು, ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಸೀಟು ಸರಿ ಇದೆ. ತುಳಿಯುವಾಗ ಪಾದದ ಮುಂಭಾಗ ಬಳಸಿದರೆ ಮೊಣಕಾಲು ತಾನೇ ಸ್ವಲ್ಪ ಮಡಚುತ್ತದೆ. ನಾನು ನನ್ನ ತಮ್ಮನ ಸೈಕಲ್ಲಿಗೆ ಹೀಗೇ ನೋಡಿ ಸೀಟು ಮೂರು ಬೆರಳು ಎತ್ತರಿಸಿದೆ. ಏರಿನಲ್ಲಿ ಇಳಿದು ತಳ್ಳುತ್ತಿದ್ದವನು ಈಗ ಕೂತೇ ಹತ್ತುತ್ತಾನೆ.

ಒಂದು ಮಾತು: ರಸ್ತೆಯಲ್ಲಿ ಹ್ಯಾಂಡಲ್ ಮೇಲೆ ಮೊಣಕೈ ಊರುವ ಸಾಹಸ ಬೇಡ್ರಪ್ಪಾ. ಬ್ರೇಕ್ ಕೈಗೆ ಸಿಗೋದಿಲ್ಲ, ಎಮ್ಮೆ ಅಡ್ಡ ಬಂದರೆ ಮುಗೀತು. ನಾಳೆ ಊಟದ ಬಿಡುವಿನಲ್ಲಿ ಸ್ಪ್ಯಾನರ್ ತರುತ್ತೇನೆ. ಸೀಟು ಸರಿ ಮಾಡಿಸಿಕೊಳ್ಳುವವರು ಬನ್ನಿ.

— 10ನೇ ತರಗತಿಯ ವಿದ್ಯಾರ್ಥಿ