ಪೇರಳೆ: ಮಳೆಗಾಲದ ರುಚಿ ನಂಬಬೇಡಿ

ಬಂಟ್ವಾಳದ ನಮ್ಮ ನೀರಿಲ್ಲದ ಗುಡ್ಡೆ ಜಾಗದಲ್ಲಿ ಮೂರು ಜಾತಿ ಪೇರಳೆ ಉಂಟು. ಊರಿನ ಕೆಂಪು ತಿರುಳಿನದ್ದು ಮೂಡುಬಿದಿರೆಯ ತಂಗಿ ಮನೆಯಿಂದ ಬಂತು. ಲಕ್ನೋ-49, ಅರ್ಕಾ ಮೃದುಲ ಬೆಳ್ತಂಗಡಿಯಿಂದ ತಂದ ಕಸಿ ಗಿಡಗಳು. ಇವೆರಡೂ ಅಲಹಾಬಾದ್ ಸಫೇದದ ಬೀಜದ ಗಿಡಗಳಿಂದ ಆರಿಸಿದವು: ಮೊದಲಿನದ್ದು 1927ರಲ್ಲಿ ಪುಣೆಯಲ್ಲಿ, ಇನ್ನೊಂದು ಬೆಂಗಳೂರಿನ ಹೆಸರಘಟ್ಟದಲ್ಲಿ.

ಲಕ್ನೋದ ಮೊದಲ ಫಸಲು ಆಟಿಯ ಮಳೆಗೆ ಸಿಕ್ಕಿತು. ಬರೀ ಸಪ್ಪೆ, ಅರ್ಧಕ್ಕರ್ಧ ಹುಳ. ಕಡಿಯಲು ಕತ್ತಿ ಹಿಡಿದೆ. "ಚಳಿಗಾಲದ್ದು ತಿಂದು ನೋಡಿ, ಆಮೇಲೆ ಕಡಿಯಿರಿ" ಎಂದಳು ಹೆಂಡತಿ.

ಡಿಸೆಂಬರಿನಲ್ಲಿ ಅದೇ ಮರದ ಹಣ್ಣು ಸಕ್ಕರೆ! ಮೃದುಲದ ಬೀಜ ಮೆತ್ತಗೆ; ಹಲ್ಲು ಹೋದ ಅಮ್ಮನಿಗೂ ಆಗುತ್ತದೆ. ಬೀಜ ಗಟ್ಟಿಯಾದರೂ ಪರಿಮಳಕ್ಕೆ ಊರಿನದ್ದೇ ಮೇಲು.

ಈಗ ಏಪ್ರಿಲ್-ಮೇ ತಿಂಗಳ ಹೂ ಚಿವುಟುತ್ತೇನೆ. ಮಳೆಗಾಲದ ಕಾಯಿ ಕಡಿಮೆ, ಚಳಿಗಾಲದ್ದು ಹೆಚ್ಚು. ಒಂದೇ ಫಸಲಿನ ರುಚಿ ನೋಡಿ ಮರಕ್ಕೆ ಕತ್ತಿ ಹಾಕಬೇಡಿ.