ಜೀಪು ಎತ್ತರಿಸಿದ ಮೇಲೆ ಡಬ್ಬಿಯಲ್ಲಿ ಉಳಿದ ಸಾಮಾನು

ಕಳೆದ ಮಳೆಗಾಲಕ್ಕೆ ಮುಂಚೆ ಸಂಘದ ಹಳೆಯ ಜೀಪನ್ನು ಎತ್ತರಿಸಲು ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟದ್ದು ಸದಸ್ಯರಿಗೆ ತಿಳಿದೇ ಇದೆ. ತೋಟದ ರಸ್ತೆಗಳಲ್ಲಿ ಚಕ್ರದ ಜಾಡು ಆಳವಾಗಿ, ನಡುವಿನ ದಿಬ್ಬ ಗೇರ್‌ಬಾಕ್ಸಿನ ಅಡಿತಟ್ಟೆಗೆ ಉಜ್ಜುತ್ತಿತ್ತು. ಕಿಟ್ಟು ಪಾರ್ಸೆಲಿನಲ್ಲಿ ಬಂತು. ವಿವರಣೆಯ ಹಾಳೆ ಮಾತ್ರ ಬರಲಿಲ್ಲ. ಹೆಚ್ಚು ಬಾಗಿದ ನಾಲ್ಕು ಕಮಾನುಪಟ್ಟೆಗಳು, ಉದ್ದದ ಶ್ಯಾಕಲ್‌ಗಳು, ಯು-ಬೋಲ್ಟುಗಳು, ಜೊತೆಗೆ ಒಂದು ಚೀಲದ ತುಂಬ ಚಿಲ್ಲರೆ ಸಾಮಾನು. ವರ್ಕ್‌ಷಾಪಿನವರು ಎರಡು ದಿನದಲ್ಲಿ ಕೆಲಸ ಮುಗಿಸಿ, ಜೀಪಿನೊಂದಿಗೆ ಒಂದು ಬಿಸ್ಕತ್ತಿನ ಡಬ್ಬಿಯನ್ನೂ ಕೊಟ್ಟು, "ಇವು ಹೆಚ್ಚಿಗೆ ಬಂದಿವೆ ಸ್ವಾಮಿ" ಎಂದರು. ನಾವು ಬಿಲ್ಲಿಗೆ ಸಹಿ ಹಾಕಿ ಡಬ್ಬಿಯನ್ನು ಬೀರುವಿನಲ್ಲಿಟ್ಟೆವು. ಕಾಸು ತೆಗೆದುಕೊಂಡವನು ಯಾರೂ ಹೆಚ್ಚಿಗೆ ಕೊಡುವುದಿಲ್ಲವೆಂಬುದು ಇಷ್ಟು ವರ್ಷ ಗೊಬ್ಬರದ ಮೂಟೆ ತೂಗಿಸಿದ ನಮಗೆ ಹೊಳೆಯಬೇಕಾಗಿತ್ತು.

ಹದಿನೈದು ದಿನದೊಳಗೆ ಡ್ರೈವರನ ದೂರು ಬಂತು. ಸ್ಟಿಯರಿಂಗು ನೆಟ್ಟಗೆ ನಿಲ್ಲುವುದಿಲ್ಲ, ಘಾಟಿಯಲ್ಲಿ ಜೀಪು ಕುಡಿದವನಂತೆ ಆಚೀಚೆ ಹೋಗುತ್ತದೆ, ವೇಗ ಹೆಚ್ಚಿಸಿದರೆ ಅಡಿಯಿಂದ ಗುಂಯ್ ಎನ್ನುತ್ತದೆ. ಹೊಸ ಪಟ್ಟೆ ಪಳಗಬೇಕು ಎಂದು ನಾವು ಸಮಾಧಾನ ಹೇಳಿದೆವು. ಆಮೇಲೊಂದು ಬೆಳಿಗ್ಗೆ, ಕೆಲಸದವರನ್ನು ಕರೆತರಲು ಹೊರಡುವ ಮುನ್ನ, ಮುಂದಿನ ಬ್ರೇಕ್ ಹೋಸಿನ ತುದಿಯಲ್ಲಿ ಎಣ್ಣೆಯ ಪಸೆ ಇರುವುದನ್ನು ಅವನೇ ನೋಡಿ ಗಾಡಿ ನಿಲ್ಲಿಸಿದ. ಹಿಂದಿನ ಸಂಜೆ ಮುಂದಿನ ಚಕ್ರ ಚರಂಡಿಗೆ ಇಳಿದಿತ್ತಂತೆ. ಅಂದೇ ಡಬ್ಬಿಯನ್ನು ಒಣಕಣದಲ್ಲಿ ಗೋಣಿಯ ಮೇಲೆ ಸುರಿದು, ಬೇರೆ ಊರಿನ ಒಬ್ಬ ಹಳೆಯ ಮೆಕ್ಯಾನಿಕರನ್ನು ಕರೆಸಿ ಕುಳಿತೆವು.

ಅವರು ಹೆಸರು ಹುಡುಕಲು ಹೋಗಲಿಲ್ಲ. ಮೊದಲು ಎಣಿಸಿದರು, ಆಮೇಲೆ ಯಾವುದು ಯಾವುದರೊಳಗೆ ಕೂರುತ್ತದೆಂದು ನೋಡಿದರು. ಎರಡಿರುವ ವಸ್ತು ಎಡಬಲಕ್ಕೋ ಹಿಂದುಮುಂದಿಗೋ ಸೇರಿದ್ದು. ನಾಲ್ಕಿದ್ದರೆ ಯಾವುದೋ ಚೌಕದ ನಾಲ್ಕು ಮೂಲೆಗೆ ಸೇರಿರಬಹುದು.

ಎರಡು ಉಕ್ಕಿನ ಬಿಲ್ಲೆಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ನಡುವೆ ತೂತು. ಸೌದೆ ಸೀಳುವ ಬೆಣೆಯನ್ನು ಚಪ್ಪಟೆ ಮಾಡಿದಂತಿದ್ದವು. ಪಕ್ಕದಲ್ಲಿ ಗುಂಡುತಲೆಯ ಎರಡು ಉದ್ದನೆಯ ಬೋಲ್ಟುಗಳು. ಇವು ಪಟ್ಟೆಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟುಗಳು. ಇವುಗಳ ತಲೆ ಆಕ್ಸಲಿನ ಪೀಠದ ಗುಳಿಯಲ್ಲಿ ಕೂತು ಆಕ್ಸಲನ್ನು ಸ್ಥಾನದಲ್ಲಿ ನಿಲ್ಲಿಸುತ್ತದೆ. ಪಟ್ಟೆಯಲ್ಲಿರುವ ಬೋಲ್ಟಿಗಿಂತ ಇವು ಎಷ್ಟು ಉದ್ದವೆಂದು ಅಳೆದರೆ ಸರಿಯಾಗಿ ಬೆಣೆಯ ದಪ್ಪದಷ್ಟು! ಅಂದರೆ ಬೆಣೆ ಕೂರಬೇಕಾದ ಸ್ಥಳ ಪಟ್ಟೆಗೂ ಆಕ್ಸಲಿಗೂ ನಡುವೆ.

ಕೆಲಸವೇನು? ಸೈಕಲಿನ ಮುಂದಿನ ಕವಲು ಹಿಂದಕ್ಕೆ ವಾಲಿರುವುದನ್ನು ನೋಡಿದ್ದೀರಿ. ಆ ವಾಲುವಿಕೆಯಿಂದಲೇ ಚಕ್ರ ತಾನಾಗಿ ನೆಟ್ಟಗೆ ಓಡುತ್ತದೆ. ಜೀಪಿನಲ್ಲಿ ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ನಮ್ಮ ಹಳೆಯ ಜೀಪುಗಳಲ್ಲಿ ಮುಂದಿನ ಪಟ್ಟೆಯ ಶ್ಯಾಕಲ್ ಮುಂತುದಿಯಲ್ಲಿದೆ. ಅದು ಉದ್ದವಾದರೆ ಪಟ್ಟೆಯ ಮುಂತುದಿ ಚಾಸಿಯಿಂದ ಕೆಳಗೆ ಸರಿದು, ಆಕ್ಸಲಿನ ತಲೆ ಮುಂದಕ್ಕೆ ವಾಲಿ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಕುಡುಕನ ನಡಿಗೆಗೆ ಕಾರಣ ಇದೇ. ಪಟ್ಟೆ ಆಕ್ಸಲಿನ ಕೆಳಗಿರುವ ಜೀಪಿನಲ್ಲಿ ಬೆಣೆಯ ದಪ್ಪ ತುದಿ ಮುಂದಕ್ಕೆ ಬರಬೇಕು. ಪಟ್ಟೆ ಆಕ್ಸಲಿನ ಮೇಲಿದ್ದರೆ ಹಿಂದಕ್ಕೆ. ತಿರುಗುಮುರುಗಾದರೆ ರೋಗ ಇಮ್ಮಡಿ. ಹಾಗೆಂದು ದಪ್ಪ ಬೆಣೆಯನ್ನು ಕೇಳಬಾರದು: ಮುಂದಿನ ಡಿಫರೆನ್ಷಿಯಲಿನ ಮೂತಿ ಅಷ್ಟೇ ಕೆಳಗೆ ಬಾಗಿ ಪ್ರೊಪೆಲರ್ ಶಾಫ್ಟಿನ ಕೀಲಿಗೆ ಕಷ್ಟ. ಅಲ್ಯೂಮಿನಿಯಂ ಬೆಣೆ ಬಿರಿಯುವುದುಂಟು, ಉಕ್ಕಿನದೇ ಲೇಸು.

ಎಲ್ ಆಕಾರದ ಎರಡು ತಗಡುಗಳನ್ನು ನಂಬರ್ ಪ್ಲೇಟಿಗೆಂದು ಎಲ್ಲರೂ ಊಹಿಸಿದ್ದೆವು. ಅವು ಮುಂದೊಂದು ಹಿಂದೊಂದು, ಬ್ರೇಕ್ ಹೋಸನ್ನು ಚಾಸಿಗೆ ಕಟ್ಟುವ ಜಾಗವನ್ನು ಕೆಳಗಿಳಿಸಲು ಬಂದವು. ಚಾಸಿ ಮೇಲೇರಿತು, ಹೋಸು ಹಳೆಯಷ್ಟೇ ಉದ್ದ. ಚಕ್ರ ಗುಂಡಿಗೆ ಇಳಿದಾಗ ಅದು ಬಿಗಿದ ಹಗ್ಗವಾಗುತ್ತದೆ. ನಾಲ್ಕು ಜನ ಹಿಂದೆ ಕುಳಿತಿರುವಾಗ ಇಳಿಜಾರಿನಲ್ಲಿ ಅದು ಕಿತ್ತಿದ್ದರೆ ಏನೆಂದು ಬರೆಯಲು ಕೈ ಬರುವುದಿಲ್ಲ. ಪಸೆ ಕಂಡ ಹೋಸನ್ನು ಬದಲಾಯಿಸಿದೆವು. ಪರೀಕ್ಷೆ ಸುಲಭ: ಚಾಸಿಗೆ ಜಾಕ್ ಕೊಟ್ಟು, ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರಗಳು ಪೂರ್ತಿ ಜೋತುಬಿದ್ದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡುವುದು. ಆಗಲೂ ಹೋಸು ಸಡಿಲವಾಗಿರಬೇಕು.

ದಪ್ಪ ಗೋಡೆಯ ನಾಲ್ಕು ಕೊಳವೆ ಮತ್ತು ಅಷ್ಟೇ ಉದ್ದನೆಯ ಬೋಲ್ಟುಗಳು ಗೇರ್‌ಬಾಕ್ಸಿನ ಅಡ್ಡಪಟ್ಟಿಯನ್ನು ಕೊಂಚ ತಗ್ಗಿಸಿ ಹಿಂದಿನ ಶಾಫ್ಟಿನ ಕೋನ ಇಳಿಸಲು. ಗುಂಯ್ ಶಬ್ದ ಅದರಿಂದ ನಿಂತಿತು. ತೆಳು ಗೋಡೆಯ ಕೊಳವೆಗಳೇ ಬೇರೆ, ಅವು ಬುಷ್ಷಿನ ಒಳಗಿನವು. ಬುಷ್ಷಿಗಿಂತ ಕೂದಲೆಳೆಯಷ್ಟು ಉದ್ದವಿರುತ್ತವೆ, ಬೋಲ್ಟಿನ ಬಿಗಿ ಕೊಳವೆಗೆ ಬೀಳಲೆಂದು. ವರ್ಕ್‌ಷಾಪಿನವರು ಸವೆದ ಹಳೆಯ ಕೊಳವೆಗಳನ್ನೇ ಹಾಕಿದ್ದರಿಂದ ಬುಷ್ಷೇ ಅಮುಕಿಕೊಂಡು ಶ್ಯಾಕಲ್ ಅಲುಗುತ್ತಿರಲಿಲ್ಲ.

ಡಿಫರೆನ್ಷಿಯಲ್ ಎಷ್ಟು ಏರಿತೆಂದು ಕೆಲವು ಸದಸ್ಯರು ಕೇಳಿದ್ದಾರೆ. ನೂಲಿನಷ್ಟೂ ಏರಲಿಲ್ಲ. ಕಿಟ್ಟು ಎತ್ತುವುದು ಚಾಸಿಯನ್ನು. ಆಕ್ಸಲ್ ಏರಬೇಕಾದರೆ ದೊಡ್ಡ ಟೈರೇ ಬೇಕು. ಶ್ಯಾಕಲ್ ವಿಷಯದಲ್ಲೂ ಮೋಸ ಹೋಗಬೇಡಿ: ಎರಡು ಅಂಗುಲ ಉದ್ದ ಹೆಚ್ಚಿದರೆ ಜೀಪು ಏರುವುದು ಸುಮಾರು ಒಂದಂಗುಲ.

ನಮ್ಮ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಸಂಬಂಧಿಸಿದ್ದು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಸಾರಿಗೆ ಕಚೇರಿಯನ್ನಾಗಲಿ ವಿಮೆಯವರನ್ನಾಗಲಿ ನಾವು ಮೊದಲು ವಿಚಾರಿಸಿರಲಿಲ್ಲ. ಈಗ ವಿಷಯವನ್ನು ಮಂಡಳಿಯ ಮುಂದಿಟ್ಟಿದ್ದೇವೆ. ಉತ್ತರ ಬರುವವರೆಗೆ ಜೀಪು ಷೆಡ್ಡಿನಲ್ಲಿದೆ. ಅಗತ್ಯ ಬಿದ್ದರೆ ಹಳೆಯ ಪಟ್ಟೆ ಕೂರಿಸಲು ಹೊಸ ಯು-ಬೋಲ್ಟು ತರಿಸಬೇಕು, ಒಮ್ಮೆ ಬಿಗಿದು ಬಿಚ್ಚಿದ್ದನ್ನು ಮತ್ತೆ ಹಾಕುವ ಹಾಗಿಲ್ಲ. ಡಬ್ಬಿಯ ಸಾಮಾನಿನ ಚಿತ್ರಗಳು ಕಚೇರಿಯಲ್ಲಿವೆ. ಮನೆಯಲ್ಲಿ ಇಂಥ ಡಬ್ಬಿ ಇಟ್ಟುಕೊಂಡವರು ಸಂತೆಯ ದಿನ ತಂದು ಹೋಲಿಸಿ ನೋಡಬಹುದು.