ನಿಮಗಿದು ಗೊತ್ತೇ? ದ್ವೀಪದ ಗಿಡಗಳ ವಂಶದ ಗುಟ್ಟು

ಅಳಿವಿನಂಚಿನ ಗಿಡವೊಂದರ ಬಗ್ಗೆ ಕೇಳಿದ ಕೂಡಲೇ ನಮ್ಮ ಮೊದಲ ಪ್ರಶ್ನೆ: ಎಷ್ಟು ಉಳಿದಿವೆ? ಆದರೆ ಆ ಲೆಕ್ಕವೊಂದೇ ಸಾಲದು. ಉಳಿದ ಗಿಡಗಳು ಒಂದಕ್ಕಿಂತ ಒಂದು ಎಷ್ಟು ಭಿನ್ನ ಎಂಬುದೂ ತಿಳಿಯಬೇಕು. ಅದನ್ನು ತೋರಿಸಿಕೊಡುವುದು ಡಿಎನ್‌ಎ ಗುರುತುಗಳು, ಅಂದರೆ ಜೆನೆಟಿಕ್ ಮಾರ್ಕರ್‌ಗಳು.

◆ ಈ ಪರೀಕ್ಷೆಗೆ ಗಿಡ ಕೀಳಬೇಕಿಲ್ಲ, ಎಲೆಯ ಸಣ್ಣ ಚೂರು ಸಾಕು. ಸಿಲಿಕಾ ಜೆಲ್ ತುಂಬಿದ ಚೀಲದಲ್ಲಿಟ್ಟರೆ ಅದು ಬೇಗ ಒಣಗುತ್ತದೆ, ಡಿಎನ್‌ಎ ಕೆಡುವುದಿಲ್ಲ. ವಿದ್ಯುತ್ತೇ ಇಲ್ಲದ ದ್ವೀಪದಿಂದಲೂ ಮಾದರಿ ಸುರಕ್ಷಿತವಾಗಿ ಪ್ರಯೋಗಾಲಯ ಸೇರುತ್ತದೆ.

◆ ಮಾರ್ಕರ್ ಎಂದರೆ ಡಿಎನ್‌ಎಯಲ್ಲಿ ಗಿಡದಿಂದ ಗಿಡಕ್ಕೆ ಬದಲಾಗುವ ಒಂದು ಜಾಗ. ಕೆಲವೆಡೆ ಎರಡು-ಮೂರು ಅಕ್ಷರಗಳು ಸಾಲಾಗಿ ಮರುಕಳಿಸುತ್ತವೆ. ಒಂದು ಗಿಡದಲ್ಲಿ ಹತ್ತು ಸಲ ಇದ್ದರೆ ಇನ್ನೊಂದರಲ್ಲಿ ಹದಿನಾಲ್ಕು ಸಲ. ಇವೇ ಮೈಕ್ರೋಸ್ಯಾಟಲೈಟ್‌ಗಳು. ತಾಯಿಯ ಪಾಲು, ತಂದೆಯ ಪಾಲು ಎರಡನ್ನೂ ಇವು ಬೇರೆಬೇರೆಯಾಗಿ ತೋರಿಸುವುದರಿಂದ, ಒಂದು ಬೀಜಕ್ಕೆ ಪರಾಗ ಕೊಟ್ಟ ಮರ ಯಾವುದೆಂದೂ ಪತ್ತೆ ಹಚ್ಚಬಹುದು.

◆ 1960ರ ದಶಕದಲ್ಲಿ ಕಿಣ್ವಗಳ ಭಿನ್ನ ರೂಪಗಳನ್ನೇ ಗುರುತಾಗಿ ಬಳಸುತ್ತಿದ್ದರು. 1990ರಲ್ಲಿ ರಾಪ್ಡ್, 1995ರಲ್ಲಿ ಎಎಫ್‌ಎಲ್‌ಪಿ ಎಂಬ ಡಿಎನ್‌ಎ ವಿಧಾನಗಳು ಬಂದವು. ಈಗ ಒಂದೇ ಅಕ್ಷರದ ವ್ಯತ್ಯಾಸಗಳನ್ನು ಸಾವಿರಗಟ್ಟಲೆ ಜಾಗಗಳಲ್ಲಿ ಒಟ್ಟಿಗೇ ಓದಬಹುದು.

◆ ದ್ವೀಪದ ಜೀವಿಗಳಲ್ಲಿ ವೈವಿಧ್ಯ ಸಾಮಾನ್ಯವಾಗಿ ಕಡಿಮೆ. ರಿಚರ್ಡ್ ಫ್ರ್ಯಾಂಕ್‌ಹ್ಯಾಮ್ 1997ರಲ್ಲಿ ದ್ವೀಪ ಮತ್ತು ಮುಖ್ಯಭೂಮಿಯ 202 ಹೋಲಿಕೆಗಳನ್ನು ಪರಿಶೀಲಿಸಿದರು. 165ರಲ್ಲಿ ದ್ವೀಪದ್ದೇ ಕಡಿಮೆ, ಸರಾಸರಿ ಕೊರತೆ ಶೇ. 29. ಕಾರಣ ಸರಳ: ಹಲವು ತಳಿಯ ಕಾಳು ಬೆರೆತ ಕಣಜದಿಂದ ಒಂದೇ ಮುಷ್ಟಿ ತೆಗೆದರೆ ಎಲ್ಲ ತಳಿಯೂ ಕೈಗೆ ಬಾರದು. ಸಮುದ್ರ ದಾಟಿ ಬಂದ ಬೀಜಗಳೂ ಹಾಗೆಯೇ ಕೆಲವೇ ಕೆಲವು.

◆ ಈ ನಿಯಮಕ್ಕೂ ಅಪವಾದವಿದೆ. ಆಫ್ರಿಕದ ವಾಯವ್ಯ ಕರಾವಳಿಯಾಚೆಯ ಕ್ಯಾನರಿ ದ್ವೀಪಗಳಿಗೇ ಸೀಮಿತವಾದ ಗಿಡಗಳಲ್ಲಿ ಬೇರೆ ಸಾಗರದ್ವೀಪಗಳ ಗಿಡಗಳಿಗಿಂತ ಹೆಚ್ಚು ವೈವಿಧ್ಯ ಕಂಡಿದೆ. ಆದ್ದರಿಂದ ದ್ವೀಪದ ಗಿಡ ಎಂದ ಮಾತ್ರಕ್ಕೆ ವಂಶಬಡತನ ಎಂದು ತೀರ್ಮಾನಿಸುವಂತಿಲ್ಲ, ಪರೀಕ್ಷಿಸಿಯೇ ಹೇಳಬೇಕು.

◆ ಹವಾಯಿಯ ಬೆಳ್ಳಿಕತ್ತಿ ಗಿಡದ ಎಲೆಗಳು ಹೆಸರಿನಂತೆಯೇ ಬೆಳ್ಳಗೆ ಹೊಳೆಯುತ್ತವೆ. ಅದರ ಬಳಗದಲ್ಲಿ ಸುಮಾರು 30 ಪ್ರಭೇದಗಳಿವೆ. ಇವೆಲ್ಲದರ ಪೂರ್ವಜ ಸಾವಿರಾರು ಕಿಲೋಮೀಟರ್ ಆಚೆಯ ಕ್ಯಾಲಿಫೋರ್ನಿಯಾದ ಟಾರ್‌ವೀಡ್ ಎಂಬ ಸಣ್ಣ ಗಿಡಗಳ ಗುಂಪಿನದು ಎಂಬುದನ್ನು 1991ರಲ್ಲಿ ಎಲೆಯ ಹಸಿರುಕಣಗಳ (ಕ್ಲೋರೋಪ್ಲಾಸ್ಟ್) ಡಿಎನ್‌ಎ ಖಚಿತಪಡಿಸಿತು.

◆ ಅದೇ ಬಳಗದ, ಹವಾಯಿಯ ಮೌನಾ ಕೇಯಾ ಬೆಟ್ಟದ ಬೆಳ್ಳಿಕತ್ತಿಯ ಕಥೆ ಪ್ರತಿಯೊಬ್ಬ ಅರಣ್ಯಪ್ರೇಮಿಗೂ ತಿಳಿದಿರಬೇಕು. ಹೊರಗಿನಿಂದ ತಂದುಬಿಟ್ಟ ಕುರಿ-ದನಗಳು ಮೇಯ್ದು ಮೇಯ್ದು, ಅವುಗಳ ಬಾಯಿಗೆ ಎಟುಕದ ಕಡಿದಾದ ಜಾಗಗಳಲ್ಲಿ ಮಾತ್ರ ಕೆಲವು ಗಿಡಗಳು ಉಳಿದವು. 1970ರ ದಶಕದಿಂದ ಸಸಿ ಬೆಳೆಸಿ ನೆಟ್ಟರು, 450ಕ್ಕೂ ಹೆಚ್ಚು ಗಿಡಗಳಾದವು. ಆದರೆ ಅಷ್ಟೂ ಗಿಡಗಳು ಕೇವಲ ಎರಡು ತಾಯಿಗಿಡಗಳ ಸಂತಾನ! ಅವುಗಳಲ್ಲಿ ವೈವಿಧ್ಯ ಕುಸಿದಿರುವುದನ್ನು ರಾಪ್ಡ್ ಪರೀಕ್ಷೆ ತೋರಿಸಿತು.

◆ ಅದರಿಂದೇನು ತೊಂದರೆ? ಈ ಗಿಡ ವರ್ಷಗಟ್ಟಲೆ ಬೆಳೆದು, ಸಾಮಾನ್ಯವಾಗಿ ಬದುಕಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುತ್ತದೆ. ತನ್ನದೇ ಪರಾಗದಿಂದ ಬೀಜ ಕಟ್ಟುವುದೂ ಬಹಳ ಕಡಿಮೆ. ಹತ್ತಿರದ ನೆಂಟರ ಪರಾಗವೂ ಎಷ್ಟೋ ಸಲ ಫಲಿಸದು. ಹಾಗಾಗಿ ಬೆಟ್ಟದಲ್ಲಿ ಉಳಿದ ಬೇರೆ ಗಿಡಗಳ ಪರಾಗವನ್ನು ಸಂಗ್ರಹಿಸಿ, ಕೈಯಿಂದಲೇ ಪರಾಗಸ್ಪರ್ಶ ಮಾಡಿ, ಹೊಸ ತಾಯಂದಿರ ಬೀಜ ಪಡೆಯುವ ಕೆಲಸ ಶುರುವಾಯಿತು.

◆ ಟಾಸ್ಮೇನಿಯಾದ ಕಿಂಗ್ಸ್ ಲೊಮೇಶಿಯಾ ಕಾಡಿನಲ್ಲಿ ನೂರಾರು ಗಿಡಗಳಾಗಿ ಕಾಣುತ್ತದೆ. ಮಾರ್ಕರ್‌ಗಳ ಲೆಕ್ಕದಲ್ಲಿ ಅದು ಒಂದೇ ಗಿಡ! ವರ್ಣತಂತುಗಳ ಎರಡು ಗುಂಪುಗಳ ಬದಲು ಇದರಲ್ಲಿ ಮೂರಿವೆ, ಹಾಗಾಗಿ ಹೂಬಿಟ್ಟರೂ ಕಾಯಿ ಕಟ್ಟದು. ಬೇರಿನಿಂದ ಚಿಗುರಿ ಹಬ್ಬುತ್ತಲೇ ಬಂದಿದೆ. ಇದರದೇ ಎಂದು ಗುರುತಿಸಲಾದ ಎಲೆಗಳ ಪಳೆಯುಳಿಕೆಗೆ ಕನಿಷ್ಠ 43,600 ವರ್ಷ.

◆ ಈ ಲೊಮೇಶಿಯಾಕ್ಕೆ ಈಗಿರುವ ಅಪಾಯಗಳಲ್ಲಿ ಒಂದು, ಬೇರು ಕೊಳೆಸುವ ಫೈಟಾಫ್ತೊರಾ. ಮಲೆನಾಡಿನ ಅಡಿಕೆ ತೋಟಗಳಿಗೆ ಕೊಳೆರೋಗ ತರುವುದೂ ಇದೇ ಕುಲದ ಸೂಕ್ಷ್ಮಜೀವಿ. ಎಲ್ಲ ಗಿಡವೂ ತದ್ರೂಪಿಯಾದರೆ ಒಂದನ್ನು ಕೊಲ್ಲಬಲ್ಲ ರೋಗ ಎಲ್ಲವನ್ನೂ ಕೊಲ್ಲಬಲ್ಲದು.

◆ ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದ ಕಾಫಿ ಕುಟುಂಬದ ಕಫೆ ಮಾರೋನ್ ಅಳಿದೇಹೋಯಿತು ಎಂದುಕೊಂಡಿದ್ದರು. 1980ರ ಸುಮಾರಿಗೆ ಒಂದೇ ಒಂದು ಗಿಡ ಸಿಕ್ಕಿತು. ಅದರ ಕಡ್ಡಿ 1986ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನ ತಲುಪಿ ಬೇರೂರಿತು. ಹೂವು ಧಾರಾಳವಾಗಿ ಬಂದರೂ ಬೀಜ ಸಿಗಲು ಹದಿನೈದಕ್ಕೂ ಹೆಚ್ಚು ವರ್ಷ ಬೇಕಾಯಿತು.

◆ ಮಾರ್ಕರ್‌ಗಳು ಬೆರಕೆಯನ್ನೂ ಬಯಲು ಮಾಡುತ್ತವೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಯಾಟಲಿನಾ ದ್ವೀಪದ ಮಹಾಗನಿ (ನಿಜವಾದ ಮಹಾಗನಿಯಲ್ಲ, ಗುಲಾಬಿ ಕುಟುಂಬದ್ದು) ಬೆರಳೆಣಿಕೆಯಷ್ಟೇ ಉಳಿದಿತ್ತು. ಅವುಗಳಲ್ಲೂ ಕೆಲವು ಪಕ್ಕದ ಸಾಮಾನ್ಯ ಪ್ರಭೇದದೊಂದಿಗೆ ಬೆರೆತವು ಎಂದು ಪರೀಕ್ಷೆ ತಿಳಿಸಿತು. ಬೀಜ ಯಾವುದರಿಂದ ತೆಗೆಯಬೇಕು, ಯಾವುದರಿಂದ ಕೂಡದು ಎಂಬುದು ಆಗ ಸ್ಪಷ್ಟವಾಯಿತು.

◆ ಈಸ್ಟರ್ ದ್ವೀಪದ ಟೊರೊಮಿರೊ ಮರ ಕಾಡಿನಲ್ಲಿ ಈಗ ಇಲ್ಲ. ಸಾಹಸಿ ಥೋರ್ ಹೆಯರ್ಡಾಲ್ ತಂಡ 1955-56ರಲ್ಲಿ ಕೊನೆಯ ಮರದಿಂದ ತಂದ ಬೀಜಗಳು ಸ್ವೀಡನ್ನಿನ ಗೋಥೆನ್‌ಬರ್ಗ್ ಉದ್ಯಾನದಲ್ಲಿ ಮೊಳೆತವು. ಹಲವು ದೇಶಗಳ ತೋಟಗಳಲ್ಲಿ ಅದೇ ಹೆಸರಿನ ಫಲಕ ಹೊತ್ತ ಮರಗಳಲ್ಲಿ ಅಸಲಿ ಯಾವುದು ಎಂದು ವಿಂಗಡಿಸಲು ಡಿಎನ್‌ಎ ನೆರವಾಯಿತು.

◆ ಹವಾಯಿಯ ಕಾಡುಹತ್ತಿಯ ಎಲೆಯಲ್ಲಿ ಮಕರಂದ ಗ್ರಂಥಿಯಿಲ್ಲ, ಹಾಗಾಗಿ ಕೀಟಗಳಿಗೆ ಆಕರ್ಷಣೆ ಕಡಿಮೆ. ಈ ಗುಣವನ್ನು ತಳಿವಿಜ್ಞಾನಿಗಳು ಸಂಕರದ ಮೂಲಕ ಬೆಳೆಹತ್ತಿಗೆ ತಂದಿದ್ದಾರೆ. ದೂರದ ದ್ವೀಪದ ಗಿಡ ರೈತನ ಹೊಲಕ್ಕೂ ಉಪಕಾರಿ!

◆ ನಮ್ಮ ಶ್ರೀಗಂಧಕ್ಕೂ ದ್ವೀಪಗಳಲ್ಲಿ ಬಂಧುಗಳಿವೆ. ಗಂಧದ ಕುಲ ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ, ಅಲ್ಲಿಂದ ಹವಾಯಿಗೆ ಎರಡು ಸಲ, ಚಿಲಿಯ ಹ್ವಾನ್ ಫರ್ನಾಂಡಿಸ್ ದ್ವೀಪಗಳಿಗೆ ಒಂದು ಸಲ ಬಹುಶಃ ಹಕ್ಕಿಗಳ ಮೂಲಕ ಹೋಯಿತು ಎಂದು 2007ರ ಡಿಎನ್‌ಎ ಅಧ್ಯಯನ ಹೇಳುತ್ತದೆ. ಹ್ವಾನ್ ಫರ್ನಾಂಡಿಸ್‌ನ ಗಂಧವನ್ನು ಕಡಿದು ಕಡಿದು ಮುಗಿಸಿದರು. ಅದನ್ನು ಜೀವಂತವಾಗಿ ಕೊನೆಗೆ ಕಂಡವರು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಸ್ಕಾಟ್ಸ್‌ಬರ್ಗ್, 1908ರಲ್ಲಿ.

ಇಷ್ಟೆಲ್ಲ ಕಲಿಸುವ ಪಾಠ ಒಂದೇ: ಸಾವಿರ ಸಸಿ ನೆಟ್ಟರೂ ಅವೆಲ್ಲ ಒಂದೇ ತಾಯಿಯ ಮಕ್ಕಳಾದರೆ ಕಾಡು ಉಳಿಯುವ ಭರವಸೆಯಿಲ್ಲ. ನೀವು ಅಪರೂಪದ ಗಿಡ ನೆಡುವಾಗ ನರ್ಸರಿಯವರನ್ನು ಒಂದು ಮಾತು ಕೇಳಿ: ಈ ಬೀಜ ಎಷ್ಟು ಮರಗಳಿಂದ ತಂದದ್ದು? ಹಲವು ಮರಗಳದ್ದಾದರೆ ಮಾತ್ರ ಕೊಳ್ಳಿ.